ಫೋರ್ಕ್ ಬದಲಾದ ಪ್ಯೂಜೋ ಪಿಎಕ್ಸ್-10 ಸೈಕಲ್ ಫ್ರೇಮ್ ತಗೊಳ್ಳಬಹುದಾ, ಇಟಲಿ ಫ್ರೇಮ್ ಉತ್ತಮವಾ?

ಸವಾರ_56

ಎರಡು ಹಳೆ ಸ್ಟೀಲ್ ಫ್ರೇಮ್ ಸಿಕ್ಕಿವೆ. ಒಂದು 1970ರ ದಶಕದ ಪ್ಯೂಜೋ ಪಿಎಕ್ಸ್-10, ರೆನಾಲ್ಡ್ಸ್ 531 ಸ್ಟೀಲ್ ಟ್ಯೂಬ್. ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮಾತ್ರ ಬೇರೆಯದು, ಬಣ್ಣ ಹೊಂದುತ್ತಿಲ್ಲ. ಇನ್ನೊಂದು ಇಟಲಿಯದ್ದು, ಕೊಲಂಬಸ್ ಎಸ್‌ಎಲ್ (ಅದೂ ಸ್ಟೀಲ್ ಟ್ಯೂಬಿನ ಹೆಸರೇ) ಸ್ಟಿಕರ್ ಇದೆ, ಫೋರ್ಕ್ ಮೂಲದ್ದೇ ಅನ್ನುತ್ತಾರೆ. ಎರಡೂ 56 ಸೈಜು, ಬೆಲೆಯೂ ಹೆಚ್ಚುಕಮ್ಮಿ ಒಂದೇ. 531, ಎಸ್‌ಎಲ್ ಇವೆರಡರಲ್ಲಿ ಯಾವುದು ಮೇಲು? ಆ ಫೋರ್ಕ್‌ನಿಂದ ತೊಂದರೆ ಇದೆಯಾ? ವರ್ನಿಯರ್ ಕ್ಯಾಲಿಪರ್ ಕೈಯಲ್ಲಿದೆ.

ಲಗ್‌ಕೆಲಸ

ಟ್ಯೂಬ್ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಎಸ್‌ಎಲ್ ಗೋಡೆ ತುದಿಗಳಲ್ಲಿ 0.9, ನಡುವೆ 0.6 ಮಿ.ಮೀ.; 531 ಡಬಲ್ ಬಟೆಡ್ (ಎರಡೂ ತುದಿ ದಪ್ಪ, ನಡು ತೆಳು) ಕೂಡ ಅದರ ಆಸುಪಾಸೇ. ಮೊದಲು ಕೇಳಬೇಕಾದ್ದು ಫೋರ್ಕ್ ಯಾಕೆ ಬದಲಾಯಿತು ಅಂತ. ಬಹಳ ಸಲ ಉತ್ತರ ಒಂದೇ: ಮುಂದಿನಿಂದ ಗುದ್ದಿದೆ.

ಫ್ರೇಮ್ ತಲೆಕೆಳಗು ಮಾಡಿ. ಡೌನ್ ಟ್ಯೂಬ್‌ನ (ಮುಂದಿನಿಂದ ಪೆಡಲ್ ಕಡೆಗೆ ಇಳಿಯುವ ಟ್ಯೂಬ್) ಅಡಿಭಾಗದಲ್ಲಿ, ಕೆಳಗಿನ ಹೆಡ್ ಲಗ್ (ಟ್ಯೂಬುಗಳನ್ನು ಕೂಡಿಸುವ ತೋಳು) ಮುಗಿದಲ್ಲಿಂದ ಹಿಂದಕ್ಕೆ ಐದಾರು ಸೆಂ.ಮೀ. ತನಕ ಬೆರಳು ನಿಧಾನ ಎಳೆಯಿರಿ. ಟಾರ್ಚನ್ನು ಟ್ಯೂಬಿಗೆ ಒರಗಿಸಿ ಬೆಳಕು ಅಡ್ಡಡ್ಡ ಬೀಳುವಂತೆ ಹಿಡಿಯಿರಿ. ಲಗ್ ಮತ್ತು ದಪ್ಪ ತುದಿ ಬಾಗುವುದಿಲ್ಲ, ಅದರ ಹಿಂದಿನ ತೆಳು ಭಾಗ ಬಾಗುತ್ತದೆ. ಗುದ್ದಿದ್ದರೆ ಅಲ್ಲಿ ಸಣ್ಣ ಉಬ್ಬು ಸಿಗುತ್ತದೆ, ಇಲ್ಲವೇ ಪೇಂಟ್ ಅಡ್ಡಕ್ಕೆ ಕೂದಲೆಳೆಯಷ್ಟು ಸೀಳಿರುತ್ತದೆ. ಟಾಪ್ ಟ್ಯೂಬಿನ ಅಡಿಯನ್ನೂ ಹಾಗೇ ಸವರಿ.

ಇಟಲಿಯದ್ದಕ್ಕೂ ರಿಯಾಯಿತಿ ಬೇಡ. ಪಕ್ಕದಿಂದ ನೋಡಿದರೆ ಫೋರ್ಕ್ ಬ್ಲೇಡಿನ ಮೇಲಿನ ನೇರ ಭಾಗ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಗಿಡ್ಡ ಟ್ಯೂಬ್) ಗೆರೆಯಲ್ಲೇ ಇಳಿಯಬೇಕು. ಕ್ರೌನ್ (ಎರಡೂ ಬ್ಲೇಡ್ ಮೇಲೆ ಕೂಡುವ ಜಾಗ) ಕೆಳಗೇ ಹಿಂದಕ್ಕೆ ವಾಲಿದ್ದರೆ ಅದಕ್ಕೂ ಪೆಟ್ಟು ಬಿದ್ದಿದೆ. ಆಮೇಲೆ ದಾರ: ಹಿಂದಿನ ಒಂದು ಡ್ರಾಪೌಟಿನಿಂದ (ಚಕ್ರದ ಆಕ್ಸಲ್ ಕೂರುವ ಸೀಳು) ಹೊರಟು ಹೆಡ್ ಟ್ಯೂಬ್ ಸುತ್ತಿ ಇನ್ನೊಂದಕ್ಕೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕಿರುವ ಅಂತರ ಎರಡೂ ಕಡೆ ಸಮ ಇರಬೇಕು, 1 ಮಿ.ಮೀ. ಹೆಚ್ಚುಕಮ್ಮಿ ಪರವಾಗಿಲ್ಲ.

ಒಂದಿಂಚು_24

ಪಿಎಕ್ಸ್-10 ಅಂದರೆ ಫ್ರೆಂಚ್ ಅಳತೆ. ಮೂಲ ಸ್ಟಿಯರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ) 25 ಮಿ.ಮೀ., 1 ಮಿ.ಮೀ. ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ದೂರ), ಒಳಗೆ 22.0 ಸ್ಟೆಮ್ (ಹ್ಯಾಂಡಲ್ ಹಿಡಿಯುವ ಭಾಗ). ಇಂಗ್ಲಿಷ್ ಆದರೆ 25.4, ಇಂಚಿಗೆ 24 ಥ್ರೆಡ್, 22.2 ಸ್ಟೆಮ್. ಯಾವುದೆಂದು ತಿಳಿಯಲು 10 ಪಿಚ್ ದೂರ ಅಳೆಯಿರಿ: 10.0 ಬಂದರೆ ಫ್ರೆಂಚ್, 10.6ರ ಹತ್ತಿರ ಬಂದರೆ 24 ಥ್ರೆಡ್ಡಿನದು. ಕೈಯಲ್ಲಿ ನಟ್ ತಿರುಗಿಸಿ ನೋಡುವುದು ಸಾಲದು, ತಪ್ಪು ನಟ್ಟೂ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೇ ಕಚ್ಚಿಕೊಳ್ಳುತ್ತದೆ.

ಇಂಗ್ಲಿಷ್ ಫೋರ್ಕ್ ಆಗಿದ್ದರೆ ಒಂದು ಲೆಕ್ಕಕ್ಕೆ ಅನುಕೂಲವೇ. ಹೆಡ್ ಟ್ಯೂಬಿನ ಕಪ್ ಅಳತೆ ಎರಡಕ್ಕೂ 30.2, ಹಾಗಾಗಿ ಮಾಮೂಲಿ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಕೂರುತ್ತದೆ. ಕ್ರೌನ್ ರೇಸ್ (ಅದರ ಕೆಳಗಿನ ಉಂಗುರ) ಕೂರುವ ಜಾಗ ಮಾತ್ರ ಅಳೆಯಿರಿ: 26.4 ಸರಿ. 27.0 ಇದ್ದರೆ ಅದು ಜಪಾನಿ ಅಳತೆ, ಕಟರ್ ಹಾಕಿ ಇಳಿಸಬೇಕು. ಹೊಡೆದು ಕೂರಿಸಿದರೆ ರೇಸ್ ಸೀಳುತ್ತದೆ.

ಸ್ಟಿಯರರ್ ಉದ್ದ = ಹೆಡ್ ಟ್ಯೂಬ್ + ಹೆಡ್‌ಸೆಟ್ ಸ್ಟ್ಯಾಕ್ (ಅದರ ಒಟ್ಟು ಎತ್ತರ) − 2, ಎಲ್ಲ ಮಿ.ಮೀ.ನಲ್ಲಿ. ಹೆಡ್ ಟ್ಯೂಬ್ 140, ಸ್ಟ್ಯಾಕ್ 40 ಆದರೆ 178. ಉದ್ದದ ಫೋರ್ಕ್ ತಂದು ಕೆಳತನಕ ಥ್ರೆಡ್ ಕೊರೆಸಬೇಡಿ. ಸ್ಟೆಮ್ಮಿನ ವೆಜ್ (ಒಳಗೆ ಬಿಗಿಯಾಗುವ ಬೆಣೆ) ಥ್ರೆಡ್ ಇರುವ ಜಾಗದಲ್ಲಿ ಬಿಗಿಯಾದರೆ ಸ್ಟಿಯರರ್ ಅಲ್ಲೇ ಬಿರುಕು ಬಿಡುತ್ತದೆ.

ಟ್ರೇಲ್

ಫೋರ್ಕ್ ಕೂತರೆ ಸಾಲದು, ರೇಕ್ (ಸ್ಟಿಯರರ್ ಗೆರೆಯಿಂದ ಆಕ್ಸಲ್ ಮುಂದಿರುವ ದೂರ) ಮತ್ತು ಆಕ್ಸಲ್‌ನಿಂದ ಕ್ರೌನ್ ತನಕದ ಉದ್ದವೂ ಹೊಂದಬೇಕು. 73 ಡಿಗ್ರಿ ಹೆಡ್, 700ಸಿ ಚಕ್ರಕ್ಕೆ 45 ಮಿ.ಮೀ. ರೇಕ್ ಇದ್ದರೆ ಟ್ರೇಲ್ (ಸ್ಟಿಯರರ್ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರ್ ನೆಲ ಮುಟ್ಟುವ ಜಾಗ ಹಿಂದಿರುವ ದೂರ) ಸುಮಾರು 56, ರೇಕ್ 55 ಆದರೆ 45. ಫೋರ್ಕ್ 10 ಮಿ.ಮೀ. ಗಿಡ್ಡವಾದರೆ ಹೆಡ್ ಅರ್ಧ ಡಿಗ್ರಿ ನೆಟ್ಟಗಾಗಿ ಟ್ರೇಲ್ ಇನ್ನೂ 3 ಮಿ.ಮೀ. ಇಳಿಯುತ್ತದೆ, ಬಾಟಮ್ ಬ್ರಾಕೆಟ್ಟೂ (ಪೆಡಲ್ ಆಕ್ಸಲ್ ಕೂರುವ ಜಾಗ) ನೆಲಕ್ಕೆ ಹತ್ತಿರ ಬರುತ್ತದೆ. ಹ್ಯಾಂಡಲ್ ಬಿಟ್ಟು ಓಡಿಸುವಾಗ ಇದು ಥಟ್ಟನೆ ಗೊತ್ತಾಗುತ್ತದೆ.

ಸವಾರ_56

ಅಳೆದೆ. 10 ಪಿಚ್‌ಗೆ 10.6, ರೇಸ್ ಜಾಗ 26.4. ಆದರೆ ಪ್ಯೂಜೋ ಡೌನ್ ಟ್ಯೂಬಿನ ಅಡಿ, ಲಗ್‌ನಿಂದ 3 ಸೆಂ.ಮೀ. ಹಿಂದೆ ಉಬ್ಬು ಬೆರಳಿಗೆ ಸಿಗುತ್ತಿದೆ. ಇಟಲಿಯದ್ದರಲ್ಲಿ ಏನೂ ಇಲ್ಲ.

ಲಗ್‌ಕೆಲಸ

ಹಾಗಾದರೆ ಪ್ಯೂಜೋ ಬಿಡಿ. ಮಡಿಚಿದ ತೆಳು ಟ್ಯೂಬ್ ನೇರ ಮಾಡಿದರೂ ಬಲ ಬರುವುದಿಲ್ಲ, ಟ್ಯೂಬನ್ನೇ ಬದಲಿಸಬೇಕು. ಇಟಲಿಯದ್ದಕ್ಕೆ ದುಡ್ಡು ಕೊಡುವ ಮುಂಚೆ ಸೀಟ್ ಟ್ಯೂಬಿನ ಒಳಅಳತೆ ನೋಡಿ, ಬಾಯಿ ಅಮುಕಿರಬಹುದು, ಆದಷ್ಟು ಒಳಗೆ ಅಳೆಯಿರಿ. 27.2 ಸೀಟ್ ಪೋಸ್ಟ್ ಹಿಡಿದರೆ ಎಸ್‌ಎಲ್ ಸ್ಟಿಕರ್ ನಂಬಬಹುದು. ಫೋರ್ಕ್ ಬಿಚ್ಚಿದಾಗ ಸ್ಟಿಯರರ್ ಒಳಗೆ ಕೆಳತುದಿಯಲ್ಲಿ ಸುರುಳಿ ಏಣುಗಳಿದ್ದರೆ ಅದೂ ಕೊಲಂಬಸ್ಸೇ. ಬಾಟಮ್ ಬ್ರಾಕೆಟ್ 36 ಮಿ.ಮೀ. ಇಟಾಲಿಯನ್, ಎರಡೂ ಕಡೆ ಬಲ ಥ್ರೆಡ್. ತುಳಿಯುತ್ತಾ ಬಲಗಡೆಯ ಕಪ್ ಸಡಿಲಾಗುತ್ತದೆ, ಅದನ್ನು ಚೆನ್ನಾಗಿ ಬಿಗಿ ಮಾಡಿ.