ಬಾಯಿಪಾಠ ಒಪ್ಪಿಸುತ್ತಾರೆ, ಪ್ರಶ್ನೆ ಕೇಳಿದರೆ ಸುಮ್ಮನೆ ಕೂರುತ್ತಾರೆ. ಧರ್ಮೋಪದೇಶದ ತರಗತಿ ಹೇಗೆ ನಡೆಸುವುದು?

ಹೊಸ ಉಪದೇಶಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಥೋಲಿಕ ಚರ್ಚಿನಲ್ಲಿ ಭಾನುವಾರದ ಬಲಿಪೂಜೆ (ಮಾಸ್) ಆದ ಮೇಲೆ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಮೊದಲ ಪಾಪನಿವೇದನೆ (ಗುರುಗಳು, ಅಂದರೆ ಫಾದರ್ ಬಳಿ ತಪ್ಪು ಒಪ್ಪಿಕೊಳ್ಳುವುದು), ಮೊದಲ ಪರಮಪ್ರಸಾದದ (ಕಮ್ಯುನಿಯನ್) ತಯಾರಿ. ಏಳು ಸಂಸ್ಕಾರ ಯಾವುವು ಅಂದರೆ ಪಟಪಟ ಹೇಳುತ್ತಾರೆ, ಹತ್ತು ಆಜ್ಞೆಗಳೂ ಬಾಯಲ್ಲೇ ಇವೆ. ಆದರೆ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ) ಒಂದು ಕಥೆ ಹೇಳಿ "ಇದರಿಂದ ನಿಮಗೆ ಏನನ್ನಿಸಿತು?" ಅಂತ ಕೇಳಿದರೆ ಇಡೀ ತರಗತಿ ಗಪ್‌ಚುಪ್. ಯಾರಾದರೂ ಬಾಯಿ ಬಿಟ್ಟರೂ "ಯೇಸು" ಅಥವಾ "ಪ್ರಾರ್ಥನೆ ಮಾಡಬೇಕು", ಪ್ರಶ್ನೆ ಯಾವುದೇ ಇರಲಿ! ಬಾಯಿಪಾಠ ಮಾಡಿಸುವುದನ್ನೇ ನಿಲ್ಲಿಸಿಬಿಡಲಾ? ಇನ್ನೊಂದು, ಪಾಪನಿವೇದನೆ ಅಂದರೆ ಕೆಲವು ಮಕ್ಕಳಿಗೆ ನಿಜಕ್ಕೂ ಭಯ ಇದೆ. ಅನುಭವ ಇರುವವರು ಹೇಳಿ.

ಹಿಂದಿನ ಬೆಂಚು:
"ಏನನ್ನಿಸಿತು" ಅಂತ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಪ್ರಶ್ನೆ ಚಿಕ್ಕದಿರಲಿ, ಕಣ್ಣಿಗೆ ಕಾಣುವಂತಿರಲಿ. ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯನನ್ನೇ ತಗೊಳ್ಳಿ. ಅವನು ಮರ ಹತ್ತಿದಾಗ ಕೆಳಗಿದ್ದವರು ಏನಂದಿರಬಹುದು? ಯೇಸು ಅವನ ಹೆಸರು ಹಿಡಿದು ಕರೆದಾಗ ಅವನ ಮುಖ ಹೇಗಾಗಿರಬೇಕು? ಜನ ಯಾಕೆ ಗೊಣಗಿದರು? ಊರಿಗೆಲ್ಲ ಬೇಡವಾದ ಸುಂಕದವನ ಮನೆಗೆ ಯೇಸು ಅತಿಥಿಯಾಗಿ ಹೋದರೆ ನೀವಾಗಿದ್ದರೆ ಗೊಣಗುತ್ತಿರಲಿಲ್ಲವಾ? ಈ ಕೊನೆಯ ಪ್ರಶ್ನೆಗೆ ಮಕ್ಕಳು ಜಗಳವನ್ನೇ ಶುರು ಮಾಡುತ್ತಾರೆ, ಮಾಡಲಿ ಬಿಡಿ.

ಕೇಳಿದ ಮೇಲೆ ಸುಮ್ಮನಿರುವುದನ್ನು ಕಲಿಯಬೇಕು. ಮಕ್ಕಳು ಯೋಚಿಸುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಟ್ಟರೆ, ಕಾದರೆ ಸಾಕು ಟೀಚರ್ರೇ ಹೇಳುತ್ತಾರೆ ಅಂತ ಅವರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಪುನರುತ್ಥಾನದ ಮೇಲೆ ಯೇಸು, ಎಮ್ಮಾವುಸ್ ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ದಾರಿಯಲ್ಲಿ ಮಾಡಿದ್ದನ್ನು ನೋಡಿ (ಲೂಕ 24). ಮೊದಲು ಕೇಳಿದ್ದು "ಏನು ಮಾತಾಡುತ್ತಾ ಹೋಗುತ್ತಿದ್ದೀರಿ" ಅಂತ. ಅವರು ತಮ್ಮ ದುಃಖವನ್ನೆಲ್ಲ ಹೇಳಿಕೊಳ್ಳುವವರೆಗೂ ಕೇಳಿಸಿಕೊಂಡು, ಆಮೇಲೆ ಪವಿತ್ರಗ್ರಂಥ ವಿವರಿಸಿದರು. ನಾವು ಮಾತ್ರ ವಿವರಣೆಯಿಂದಲೇ ಶುರು ಮಾಡುತ್ತೇವೆ.

ಸಾಧ್ಯವಾದರೆ ಆ ದಿನ ಪೂಜೆಯಲ್ಲಿ ಓದಿದ ಶುಭಸಂದೇಶವನ್ನೇ ಹಿಡಿಯಿರಿ, ಅದು ಆಗಲೇ ಅವರ ಕಿವಿಗೆ ಬಿದ್ದಿರುತ್ತದೆ. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ: ಒಂದು ವರ್ಷ ಹೆಚ್ಚಾಗಿ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ಯಾವ ವರ್ಷ ನಡೆಯುತ್ತಿದೆ ಅಂತ ನೋಡಿಟ್ಟುಕೊಂಡರೆ ಮುಂದಿನ ವಾರಗಳ ತಯಾರಿ ಸಲೀಸು.

ಜಪಸರ:
ಮೇಲಿನವರ ಮಾತು ಸರಿ, ಆದರೆ ದಯವಿಟ್ಟು ಬಾಯಿಪಾಠ ಬಿಡಬೇಡಿ. ಈಗೀಗ ಬಾಯಿಪಾಠ ಅಂದರೆ ಏನೋ ಅಪರಾಧ ಅನ್ನುವ ಹಾಗಾಗಿದೆ, ನನಗದು ಒಪ್ಪಿಗೆ ಇಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರಿಗೆ ಸ್ವಂತ ಮಾತು ಹೊಳೆಯದಿದ್ದರೂ "ನಮೋ ಮರಿಯಾ" ಪ್ರಾರ್ಥನೆ ತಾನಾಗಿ ಬರುತ್ತದೆ, ಅದು ಚಿಕ್ಕಂದಿನಲ್ಲಿ ಯಾರೋ ಕಲಿಸಿದ್ದು. 2005ರಲ್ಲಿ ಧರ್ಮಸಭೆಯೇ (ಕಥೋಲಿಕ ಚರ್ಚ್) ತನ್ನ ಧರ್ಮೋಪದೇಶದ ಸಂಕ್ಷಿಪ್ತ ರೂಪವನ್ನು ಪ್ರಶ್ನೋತ್ತರವಾಗಿ ಹೊರತಂದಿತು, ಅಲ್ವಾ? ತೊಂದರೆ ಇರುವುದು ಬಾಯಿಪಾಠದಲ್ಲೇ ತರಗತಿ ಮುಗಿದುಹೋಗುವುದರಲ್ಲಿ.

ನನ್ನ ಅಭ್ಯಾಸ ಹೇಳುತ್ತೇನೆ. ಒಂದು ವಾರಕ್ಕೆ ಪ್ರಾರ್ಥನೆಯ ಒಂದೇ ಸಾಲು. "ನಮಗೆ ತಪ್ಪು ಮಾಡುವವರನ್ನು ನಾವು ಕ್ಷಮಿಸುವಂತೆ" ಅಂತ ದಿನಾ ಹೇಳುತ್ತೇವೆ, ಹಾಗಾದರೆ ಈ ವಾರ ಯಾರನ್ನು ಕ್ಷಮಿಸುವುದು ಕಷ್ಟ? ಬರೆಯಿರಿ, ಯಾರಿಗೂ ತೋರಿಸಬೇಡಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳಿ. ಬಾಯಿ ಬಿಡದ ಮಕ್ಕಳೂ ಬರೆಯುತ್ತಾರೆ.

ಆಗಾಗ ತರಗತಿಯಿಂದ ಎದ್ದು ದೇವಾಲಯದ ಒಳಗೇ ಕರೆದುಕೊಂಡು ಹೋಗಿ. ಪೀಠ, ವಾಚನ ವೇದಿಕೆ, ಪ್ರಸಾದ ಪೆಟ್ಟಿಗೆಯ ಪಕ್ಕ ಉರಿಯುವ ದೀಪ, ಸ್ನಾನದೀಕ್ಷೆಯ (ಬ್ಯಾಪ್ಟಿಸಂ) ತೊಟ್ಟಿ, ಎಲ್ಲವನ್ನೂ ಹತ್ತಿರದಿಂದ ನೋಡಲಿ. ಗುರುಗಳನ್ನು ಕೇಳಿಕೊಂಡರೆ ಪೂಜಾವಸ್ತ್ರಗಳನ್ನು ತೆಗೆದು ತೋರಿಸುತ್ತಾರೆ: ಹಸಿರು, ನೇರಳೆ, ಬಿಳಿ, ಕೆಂಪು. ಗುಲಾಬಿ ಬಣ್ಣಕ್ಕೆ ವರ್ಷದಲ್ಲಿ ಎರಡೇ ಭಾನುವಾರ, ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲದ ಮೂರನೆಯದು ಮತ್ತು ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದ ನಾಲ್ಕನೆಯದು. ಇದನ್ನು ಹೇಳಿಬಿಟ್ಟರೆ ಆ ದಿನ ಬರುವುದನ್ನೇ ಕಾಯುತ್ತಾರೆ ನೋಡಿ.

ಅಡಿಟಿಪ್ಪಣಿ:
ಪಾಪನಿವೇದನೆಯ ಭಯದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮಕ್ಕಳ ಭಯ ಸಾಮಾನ್ಯವಾಗಿ ಎರಡು. "ಫಾದರ್ ಅಮ್ಮನಿಗೆ ಹೇಳಿಬಿಟ್ಟರೆ?" ಮತ್ತು "ಮಧ್ಯದಲ್ಲಿ ಮರೆತುಹೋದರೆ?" ಮೊದಲನೆಯದಕ್ಕೆ ನೇರವಾಗಿ ಹೇಳಿ: ಗುರುಗಳು ಅಲ್ಲಿ ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ, ಧರ್ಮಸಭೆಯ ಕಾನೂನು ಇದರಲ್ಲಿ ಬಹಳ ಕಟ್ಟುನಿಟ್ಟು. ಎರಡನೆಯದಕ್ಕೆ, ಮರೆತರೆ "ಫಾದರ್, ಮರೆತೆ" ಅಂದರೆ ಆಯಿತು, ಅವರು ಸಹಾಯ ಮಾಡುತ್ತಾರೆ. ದಿನಕ್ಕೆ ಮೊದಲೇ ಒಮ್ಮೆ ಎಲ್ಲಿ ಮೊಣಕಾಲೂರಬೇಕು, ಮೊದಲು ಏನು ಹೇಳಬೇಕು ಅಂತ ಜಾಗದಲ್ಲೇ ಅಭ್ಯಾಸ ಮಾಡಿಸಿ.

ಆದರೆ ಅಭ್ಯಾಸದಲ್ಲಿ ಮಕ್ಕಳ ನಿಜವಾದ ತಪ್ಪುಗಳನ್ನು ಹೇಳಿಸಬೇಡಿ, ತರಗತಿಯ ಮುಂದಂತೂ ಬೇಡವೇ ಬೇಡ. ಕಥೆಯಲ್ಲಿ ಬರುವ ಹುಡುಗನೊಬ್ಬನ ತಪ್ಪು ಸಾಕು. ನರಕದ ಕಥೆ ಹೇಳಿ ಹೆದರಿಸುವುದೂ ಬೇಡ, ತಪ್ಪಿಹೋದ ಮಗನನ್ನು ದೂರದಿಂದಲೇ ಕಂಡು ಓಡಿಬಂದ ತಂದೆಯ ಕಥೆ (ಲೂಕ 15) ಇದ್ದೇ ಇದೆ. ಮತ್ತೆ, ಯಾವ ಮಗುವಿನ ಜೊತೆಗೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬೇಡಿ. ಇನ್ನೊಬ್ಬ ದೊಡ್ಡವರು ಕಾಣುವಷ್ಟು ದೂರದಲ್ಲಿ ಇರಲೇಬೇಕು.

ಹೊಸ ಉಪದೇಶಿ:
ತುಂಬಾ ಥ್ಯಾಂಕ್ಸ್. ಚೀಟಿ ಮತ್ತು ಜಕ್ಕಾಯ ಈ ಭಾನುವಾರವೇ. ಒಂದು ಕೊನೆಯ ಪ್ರಶ್ನೆ: ಒಬ್ಬ ಹುಡುಗ "ದೇವರನ್ನು ಯಾರು ಮಾಡಿದರು" ಅಂತ ಕೇಳುತ್ತಲೇ ಇರುತ್ತಾನೆ. ಏನು ಹೇಳಲಿ?

ಹಿಂದಿನ ಬೆಂಚು:
ಒಳ್ಳೆ ಹುಡುಗ, ಬಾಯಿ ಮುಚ್ಚಿಸಬೇಡಿ. ಯಾರೂ ಮಾಡಲಿಲ್ಲ, ದೇವರಿಗೆ ಆದಿ ಅನ್ನುವುದೇ ಇಲ್ಲ, ಯಾರಾದರೂ ಮಾಡಿದ್ದರೆ ಅವರೇ ದೇವರಾಗಬೇಕಿತ್ತು ಅಂತ ಹೇಳಿ. ಇನ್ನೂ ಕೇಳಿದರೆ, ಮುಂದಿನ ವಾರ ಗುರುಗಳನ್ನು ತರಗತಿಗೆ ಕರೆಸಿ ಅವನ ಕೈಲೇ ಕೇಳಿಸಿ.