ವಕೀಲರನ್ನು ಕೇಳಿ: ಶಿಕ್ಷೆ ಏಕೆ, ಎಷ್ಟು?

ತುಮಕೂರಿನ ಸದಸ್ಯೆ: ಸರ್, ನಮಸ್ಕಾರ. ತಂಗಿಯ ಮಗ, ವಯಸ್ಸು 20. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲಿದ್ದ ಮೊಬೈಲ್ ಎತ್ತಿಕೊಂಡು ಸಿಕ್ಕಿಬಿದ್ದಿದ್ದಾನೆ. ಬೆಲೆ 18,000 ರೂಪಾಯಿ. ಮೊಬೈಲ್ ವಾಪಸ್ಸಾಗಿದೆ. ‘ಮೊದಲ ಕಳ್ಳತನಕ್ಕೆ ಸಮುದಾಯ ಸೇವೆ ಅಷ್ಟೇ, ತಪ್ಪೊಪ್ಪಿಕೊಂಡರೆ ಸಾಕು’ ಎಂಬ ಸಂದೇಶ ನೋಡಿ ಭಾವ ಅದನ್ನೇ ಹಿಡಿದಿದ್ದಾರೆ.

ಮೈಸೂರಿನ ಸದಸ್ಯ: ಜೀವಾವಧಿ ಎಂದರೆ 14 ವರ್ಷ ತಾನೇ? ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನವಂತೆ.

ವಕೀಲರು: ಅಲ್ಲ. ಜೀವ ಇರುವವರೆಗೆ. ಹಗಲುರಾತ್ರಿಯ ಲೆಕ್ಕ ಕಟ್ಟುಕಥೆ.

ತುಮಕೂರಿನ ತಾಯಿಯವರೇ, ಆ ಸಂದೇಶ ನಂಬಿ ಹುಡುಗನನ್ನು ಕಟಕಟೆಗೆ ಹತ್ತಿಸಬೇಡಿ. ಬರೆದವನು ಅರ್ಧ ಕಲಂ ಓದಿದ್ದಾನೆ. ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ ಸಮುದಾಯ ಸೇವೆ ಇರುವುದು ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ. ನಿಮ್ಮದು 18,000, ಮೂರು ವರ್ಷದವರೆಗೆ ಜೈಲಾಗಬಹುದು. ಆದರೆ ಮೊಬೈಲಿನ ಒಡತಿ ಒಪ್ಪಿದರೆ ರಾಜಿ ಸಾಧ್ಯ, ಅದು ಖುಲಾಸೆಗೆ ಸಮ. ರಾಜಿಯಾಗದಿದ್ದರೆ 1958ರ ಪ್ರೊಬೇಷನ್ (ಜೈಲಿಗೆ ಹಾಕದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವ) ಕಾಯ್ದೆಯ 6ನೇ ಕಲಂ ಇದೆ: 21ರೊಳಗಿನವನನ್ನು ಜೈಲಿಗೆ ಕಳುಹಿಸುವ ಮುನ್ನ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು, ಜೈಲೇ ಬೇಕೆಂದರೆ ನ್ಯಾಯಾಧೀಶರು ಕಾರಣ ಬರೆದಿಡಬೇಕು. ಮಾಡಿದ್ದಕ್ಕೆ ತಕ್ಕ ಶಾಸ್ತಿ, ಉಳಿದವರಿಗೆ ಅಂಜಿಕೆ, ತಪ್ಪಿದವನ ತಿದ್ದುವಿಕೆ ಎಂಬ ಶಿಕ್ಷೆಯ ಮೂರು ಉದ್ದೇಶಗಳಲ್ಲಿ ಈ ವಯಸ್ಸಿನವರ ವಿಷಯದಲ್ಲಿ ಕಾನೂನು ಕೊನೆಯದರ ಕಡೆ ವಾಲಿದೆ. ನನ್ನ ಆತಂಕ ಬೇರೆ: ವಯಸ್ಸು ನೋಡುವುದು ಕದ್ದ ದಿನಕ್ಕಲ್ಲ, ತೀರ್ಪಿನ ದಿನಕ್ಕೆ. ಹುಟ್ಟಿದ ದಿನಾಂಕ ಯಾವುದು?

ಹಾಸನದ ಸದಸ್ಯ: ಕಳ್ಳನಿಗೆ ಇಷ್ಟು ಉಪಚಾರವೇ? ಒಬ್ಬನ ಕೈ ಕಡಿಯಲಿ, ಊರೇ ಸರಿಹೋಗುತ್ತದೆ.

ನಿವೃತ್ತ ಮೇಷ್ಟರು: 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜೇಬುಗಳ್ಳತನಕ್ಕೂ ಗಲ್ಲಿತ್ತು, ಕಳ್ಳರು ಮುಗಿದರೇ? ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆ ಎಂಬುದೇ ಹೆಚ್ಚು ಹೆದರಿಸುತ್ತದೆ ಎಂದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದ.

ಹಾಸನದ ಸದಸ್ಯ: ನಿಮ್ಮ ಮೊಬೈಲ್ ಹೋಗಲಿ ಮೇಷ್ಟರೇ, ಆಮೇಲೆ ಬೆಕಾರಿಯಾ ಓದೋಣ.

ನಿವೃತ್ತ ಮೇಷ್ಟರು: ಹೋಗಿದೆ. ಎರಡು ಸಲ. ದೂರು ಕೊಟ್ಟೆ, ಯಾರೂ ಸಿಗಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಕಾರವಾರದ ಸದಸ್ಯೆ: ಹಲ್ಲೆಯಲ್ಲಿ ಗಾಯಗೊಂಡವರಿಗೆ ಪರಿಹಾರ ಯಾರು ಕೊಡುತ್ತಾರೆ ಸರ್?

ಗದಗಿನ ಸದಸ್ಯ: ಜೀವಾವಧಿ 14 ವರ್ಷವೇ, 20 ವರ್ಷವೇ?

ವಕೀಲರು: ಮೇಲೆ ಓದಿ.

ಹಾಸನದ ಸದಸ್ಯ: ಕಳ್ಳರ ಪರ ವಕಾಲತ್ತಿಗೆ ಇಲ್ಲಿ ಜಾಗ ಸಿಕ್ಕಿದೆ.

ವಕೀಲರು: ಸ್ವಾಮಿ, ನಾನು ಹನ್ನೊಂದು ವರ್ಷ ಸರ್ಕಾರಿ ಅಭಿಯೋಜಕನಾಗಿದ್ದೆ. ಸುಮ್ಮನಿರಿ.

ತುಮಕೂರಿನ ಸದಸ್ಯೆ: ಸರ್, ಇನ್ನು ನಲವತ್ತು ದಿನಕ್ಕೆ 21 ತುಂಬುತ್ತದೆ.

ವಕೀಲರು: ಹಾಗಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ. ನಾಳೆಯೇ ನಿಮ್ಮ ವಕೀಲರ ಮೂಲಕ ಮೊಬೈಲಿನ ಒಡತಿಯೊಡನೆ ಮಾತಾಡಿಸಿ. 21 ದಾಟಿದರೆ ಅದೇ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಇದೆ, ಆದರೆ ಅಲ್ಲಿ ಬಿಡುವುದು ಬಿಡದಿರುವುದು ನ್ಯಾಯಾಧೀಶರ ವಿವೇಚನೆ. ಭಾವನವರ ಮೊಬೈಲಿನಿಂದ ಆ ಸಂದೇಶವನ್ನೂ ಅಳಿಸಿಹಾಕಿ.