ಕ್ರೋಮ್ ರಾಡ್ ಮ್ಯಾಲೆ ಲೇಸರ್ ಸೆನ್ಸರ್ ರೀಡಿಂಗ್ ನಿಲ್ಲವಲ್ದು

ಉದ್ಯಮಬಾಗ_ಕ್ಯೂಸಿ:
ನಮಸ್ಕಾರ್ರೀ. ಹೈಡ್ರಾಲಿಕ್ ಸಿಲಿಂಡರಿನ ರಾಡ್ ಮಾಡೋ ವರ್ಕ್‌ಶಾಪ್‌ನಾಗ ಇನ್‌ಸ್ಪೆಕ್ಷನ್ ನನ್ನ ಕೆಲಸ. 40 ಎಂಎಂ ರಾಡ್, ಹಾರ್ಡ್ ಕ್ರೋಮ್, ಪಾಲಿಶ್ ಆಗಿರ್ತೈತಿ. ಡಯಲ್ ಗೇಜ್ (ಮುಟ್ಟಿ ಅಳಿಯೋ ಮುಳ್ಳಿನ ಮಾಪಕ) ತುದಿ ಹಚ್ಚಿ ತಿರುಗಿಸಿದ್ರ ಸಣ್ಣ ಗೀರು ಬೀಳ್ತಾವ, ಅದಕ್ಕ ಮುಟ್ಟದ ಅಳಿಯೋ ಲೇಸರ್ ಸೆನ್ಸರ್ ತಂದೀವಿ. ಎರಡೂ ತುದಿಗೆ ಸೆಂಟರ್ (ಚೂಪು ಮೊನಿ) ಕೊಟ್ಟು ನಡುವ ರಾಡ್ ಹಿಡಿದು ತಿರುಗಿಸಿದ್ರ ಡಯಲ್ 8 ಮೈಕ್ರಾನ್ (ಮೈಕ್ರಾನ್ ಅಂದ್ರ ಎಂಎಂನ ಸಾವಿರದಾಗ ಒಂದು ಪಾಲು) ರನ್‌ಔಟ್, ಅಂದ್ರ ತಿರುಗುವಾಗಿನ ಓಲಾಟ, ತೋರಸ್ತೈತಿ, ಲೇಸರ್ 40ರ ತನಕಾ ಹೋಗ್ತೈತಿ. ಮ್ಯಾಲಾಗಿ ಮುಂಜಾನೆ 8ಕ್ಕ ಇಟ್ಟ ಝೀರೋ ಮಧ್ಯಾಹ್ನಕ್ಕ 35 ಮೈಕ್ರಾನ್ ಸರದಿರ್ತೈತಿ. ಸೆನ್ಸರ್ ಕೆಟ್ಟೈತೇನ್ರಿ?

ಗ್ರೈಂಡರ್_ಕಾಕಾ:
ತಮ್ಮಾ, ಸೆನ್ಸರ್ ವಾಪಸ್ ಕಳಿಸಬ್ಯಾಡ, ಮೊದಲ ಕೂಡಿಸಿದ ರೀತಿ ನೋಡು. ಲೇಸರ್ ಚುಕ್ಕಿ ಬಾಜೂಕ ಒಂದು ಬಿಳಿ ಹಾಳಿ ಹಿಡಿ. ಕೆಂಪು ಬೆಳಕು ಹಾಳಿ ಮ್ಯಾಲೆ ದುಂಡಗ ಬೀಳಂಗಿಲ್ಲ, ಉದ್ದನ್ನ ಪಟ್ಟಿ ಆಗಿ ಬೀಳ್ತೈತಿ. ಪಾಲಿಶ್ ಗೆರಿ ರಾಡಿನ ಸುತ್ತ ಓಡ್ಯಾವು, ಅವು ಬೆಳಕನ್ನ ರಾಡಿನ ಉದ್ದಕ್ಕ ಚೆಲ್ತಾವ. ನಿನ್ನ ಸೆನ್ಸರಿನ ಲೆನ್ಸು ಆ ಪಟ್ಟಿ ಬಿಟ್ಟು ಅಡ್ಡ ಕುಂತಿದ್ರ ಅದಕ್ಕ ಬೆಳಕ ಸಿಗಂಗಿಲ್ಲ. ಚುಕ್ಕಿಯ ಬಿಂಬ ಒಳಗ ಎಲ್ಲಿ ಬಿತ್ತು ಅನ್ನೂದರಿಂದನ ಅದು ದೂರ ಲೆಕ್ಕ ಹಾಕ್ತೈತಿ. ಬಿಂಬ ಮಸುಕಾದ್ರ ಲೆಕ್ಕ ಹಾರಾಡ್ತೈತಿ. ಸೆನ್ಸರ್ ಹಿಡಿದಿರೋ ಬ್ರಾಕೆಟ್ 90 ಡಿಗ್ರಿ ತಿರುಗಿಸಿ, ಲೇಸರ್ ಮತ್ತ ಲೆನ್ಸ್ ಎರಡೂ ರಾಡಿನ ಉದ್ದಕ್ಕ ಸಾಲಾಗಿ ಬರೋ ಹಂಗ ಕಟ್ಟು. ರಾಡಿನ ದುಂಡು ಇಳಿಜಾರೂ ಆಗ ಅಷ್ಟು ಕಾಡಂಗಿಲ್ಲ. ಕ್ರೋಮಿನಿಂದ ತಿರುಗಿ ಬರೋ ಬೆಳಕು ಕಣ್ಣಿಗೆ ಬೀಳದಂಗ ಜ್ವಾಕಿ.

ಬ್ರಾಕೆಟ್ ಯಾವುದರದು? ಅಲ್ಯೂಮಿನಿಯಂ ಏನು?

ಉದ್ಯಮಬಾಗ_ಕ್ಯೂಸಿ:
ಹೌದ್ರಿ ಕಾಕಾ, 200 ಎಂಎಂ ಉದ್ದದ ಅಲ್ಯೂಮಿನಿಯಂ ಪಟ್ಟಿ.

ಗ್ರೈಂಡರ್_ಕಾಕಾ:
ಝೀರೋ ಸರಿಯೋ ಕಾರಣ ಅಲ್ಲೇ ಸಿಕ್ತು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಒಂದು ಮೀಟರಿಗೆ 23 ಮೈಕ್ರಾನ್ ಹಿಗ್ಗತೈತಿ. ಬೆಳಗಾವಿ ಮುಂಜಾನಿ ಥಂಡಿಗೂ ತಗಡಿನ ಶೆಡ್ಡಿನ ಮಧ್ಯಾಹ್ನಕ್ಕೂ 8 ಡಿಗ್ರಿ ಫರಕ್ ಹಿಡಿ, 200 ಎಂಎಂಗೆ 37 ಮೈಕ್ರಾನ್ ಆತು. ಸ್ಟೀಲ್ ಬ್ರಾಕೆಟ್ ಆದ್ರ ಸುಮಾರು ಅರ್ಧ. ರನ್‌ಔಟಿಗೆ ಈ ಚಿಂತಿ ಬ್ಯಾಡ, ಅದು ಒಂದ ಸುತ್ತಿನೊಳಗಿನ ಹೆಚ್ಚು ಕಡಿಮಿ. ಡಯಾ (ರಾಡಿನ ವ್ಯಾಸ) ಅಳಿಯಾಕ ಹೋದ್ರ ಮಾತ್ರ ತಾಸಿಗೊಮ್ಮೆ ಮಾಸ್ಟರ್ ಪೀಸ್ (ಅಳತಿ ಗೊತ್ತಿರೋ ತುಂಡು) ಇಟ್ಟು ಝೀರೋ ಮಾಡ್ಕೊ.

ಮಚ್ಛೆ_ಮಷಿನಿಸ್ಟ್:
ದುಂಡು ರಾಡಿಗೆ ನಾ ಆಪ್ಟಿಕಲ್ ಮೈಕ್ರೋಮೀಟರ್ ಬಳಸ್ತೀನ್ರಿ. ಒಂದು ಕಡಿಂದ ಬೆಳಕಿನ ಪರದಿ, ಆ ಕಡಿ ಕ್ಯಾಮೆರಾದಂಥ ಸೆನ್ಸರ್, ನಡುವ ರಾಡ್. ನೆರಳಿನ ಎರಡೂ ಅಂಚು ಓದೂದರಿಂದ ಕ್ರೋಮ್ ಎಷ್ಟು ಹೊಳೆದ್ರೂ ಅಡ್ಡಿ ಇಲ್ಲ. ರೊಕ್ಕ ಜಾಸ್ತಿ. ಒಂದು ಹುಷಾರಿ: ರಾಡಿನ ತೆಳಗ ಕೂಲಂಟ್ (ಮಷಿನ್ ತಂಪು ಮಾಡೋ ದ್ರವ) ಹನಿ ಜೋತು ಬಿದ್ದಿದ್ರ ಅದನ್ನೂ ಲೋಹ ಅಂತ ಓದ್ತೈತಿ. ಒರೆಸಿ ಇಡ್ರಿ.

ಉದ್ಯಮಬಾಗ_ಕ್ಯೂಸಿ:
ಇವತ್ತ ಬ್ರಾಕೆಟ್ ತಿರುಗಿಸಿದೆ ಕಾಕಾ. ಹಾಳಿ ಹಿಡಿದಾಗ ಪಟ್ಟಿ ಸೀದಾ ಲೆನ್ಸಿನ ಮ್ಯಾಲೆ ಬಿತ್ತು. ಅದ ರಾಡ್, 11 ಮೈಕ್ರಾನ್. ಐದು ಸಲ ತಿರುಗಿಸಿದೆ, 10 ಇಲ್ಲಾ 11 ಅಷ್ಟ. ಸ್ಟೀಲ್ ಬ್ರಾಕೆಟ್ ನಾಳಿ ಮಿಲ್ಲಿಂಗಿಗೆ ಕೊಡ್ತೀನಿ.